ಸತ್ಯಪ್ರಕಾಶನ ಹಿಮಾಲಯ ವಿಜಯ

ಪರದೇಶದ ಅರೋರಾ ಊರಲ್ಲಿರುವ ನಮ್ಮ ಸತ್ಯಪ್ರಕಾಶ ಹಿಮಾಲಯದಲ್ಲಿ ಚಾರಣ ಮುಗಿಸಿ, ಗಂಗೆಯಲ್ಲಿ ರಾಫ್ಟಿಂಗ್ ಕೂಡ ಮಾಡಿ ಬಂದಿದ್ದ. ಶಿಕ್ಷೆ ಮಾತ್ರ ನಮಗೆ. ಬಿಸಿಬೇಳೆಬಾತ್ ಬಡಿಸಿ, ಹತ್ತು ಜನ ಗೆಳೆಯರನ್ನು ಬೇಸ್‌ಮೆಂಟಿಗೆ ಇಳಿಸಿ, ದೊಡ್ಡ ಟೀವಿಯಲ್ಲಿ ಎರಡು ಗಂಟೆಯ ವಿಡಿಯೋ ಹಾಕಿದ. ಉಂಡ ಮನೆ, ಎದ್ದು ಹೋಗುವ ಹಾಗಿಲ್ಲ.

"ಪಾಪ, ಶೈಲಜಾಗೆ ಸ್ಟ್ಯಾಮಿನಾ ಇಲ್ಲ ಕಣ್ರೋ, ಹಿಂದೇನೇ ಉಳ್ಕೋತಿದ್ಲು," ಎಂದು ಹೆಂಡತಿಯ ಬಗ್ಗೆ ಮರುಗಿದ. "ನಾನೇ ಎಳ್ಕೊಂಡ್ ಹೋದೆ."

ಟೀವಿಯಲ್ಲಿ ಅವನು ಕೋಲೂರಿಕೊಂಡು, ಏದುಸಿರು ಬಿಡುತ್ತಾ ಕ್ಯಾಮೆರಾದತ್ತ ಹತ್ತಿ ಬರುತ್ತಿದ್ದ. ಯಾವ ಏರಿನಲ್ಲಿ ನೋಡಿದರೂ ಕ್ಯಾಮೆರಾ ಮೇಲೆ, ಇವನು ಕೆಳಗೆ. ಆಮೇಲೆ ಗಂಗೆ ಬಂತು. ರಾಫ್ಟಿನ ಮುಂದಿನ ತುದಿಯಿಂದ ಹಿಂದಕ್ಕೆ ತಿರುಗಿ ತೆಗೆದ ಆ ದೃಶ್ಯದಲ್ಲಿ ನಮ್ಮ ವೀರ ತಳದಲ್ಲಿ ಮುದುಡಿಕೊಂಡು, ಹಗ್ಗ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ.

"ಧ್ಯಾನ," ಎಂದ.

"ವಿಡಿಯೋ ಸೂಪರಾಗಿದೆ ಕಣೋ. ತೆಗೆದಿದ್ದು ಗೈಡಾ?" ಎಂದು ಕೇಳಿದೆ.

ಕಾಫಿಯ ಟ್ರೇ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಶೈಲಜಾ ಉತ್ತರಿಸಿದಳು: "ಇಲ್ಲಪ್ಪ, ನಾನೇ. ಗೈಡು ಇವ್ರನ್ನ ಹಿಂದಿನಿಂದ ತಳ್ತಾ ಇದ್ದ. ಇವ್ರು ಬಂದು ಸೇರೋ ತನಕ ನಂಗೂ ಟೈಂಪಾಸ್ ಆಗ್ಬೇಕಲ್ಲ!"