ಲಾರಿ ಎಳೆಯಲು ಬಂದವರು

ಇಥಿಯೋಪಿಯಾದ ಈ ನಮ್ಮ ತಿಗ್ರಾಯಿ ಸೀಮೆಯಲ್ಲಿ ಸಾವಿನ ಸುದ್ದಿ ಹೇಳಲು ಒಬ್ಬರೇ ಬರುವುದಿಲ್ಲ. ಬೆಳಕು ಹರಿಯುವ ಮೊದಲೇ ಹಿರಿಯರು ಬಿಳಿ ಶಾಲು ಹೊದ್ದು, ಪಾದ್ರಿಯನ್ನು ಕರೆದುಕೊಂಡು ಮನೆಬಾಗಿಲಿಗೆ ಬರುತ್ತಾರೆ. ಅವರು ಹೇಳುವವರೆಗೆ ಹೆತ್ತವಳೂ ಅಳುವಂತಿಲ್ಲ. ಯುದ್ಧ ನಿಂತು ಏಳು ತಿಂಗಳಾಗಿತ್ತು. ಕಾದಲು ಹೋದ ನನ್ನ ಮಗ ಗೊಯ್ತೊಮ್ ಬಂದಿರಲಿಲ್ಲ, ಅವನ ಸುದ್ದಿಯೂ ಬಂದಿರಲಿಲ್ಲ. ಹಾಗಾಗಿ ನಾನು ಅತ್ತಿರಲಿಲ್ಲ.

ನನ್ನ ಹೊಲದಲ್ಲಿ ಒಂದು ಮಿಲಿಟರಿ ಲಾರಿ ಸುಟ್ಟು ಮಗುಚಿ ಬಿದ್ದು ಎರಡು ಬಿತ್ತನೆ ತಪ್ಪಿಹೋಗಿತ್ತು. ಇದ್ದದ್ದೇ ಅಂಗೈಯಗಲ ಹೊಲ, ಅದರ ನಟ್ಟನಡುವೆ ಈ ಶನಿ. ಹೆಂಗಸು ನೇಗಿಲು ಹಿಡಿಯುವಂತಿಲ್ಲ. ಉಳುವವನನ್ನು ಕರೆದರೆ, ಮೊದಲು ಲಾರಿ ತೆಗೆಸು ಎನ್ನುತ್ತಿದ್ದ. ಊರ ಹಿರಿಯ ಅಸ್ಗೆದೊಮ್ ಅಜ್ಜನ ಬೆನ್ನು ಬಿದ್ದೆ. ನೋಡೋಣ, ನೋಡೋಣ ಎಂದು ಆತ ಮಳೆಗಾಲಗಳನ್ನೇ ಕಳೆದ. ಕೊನೆಗೆ ಸಿಡಿಮದ್ದು ಹುಡುಕುವವರು ಬಂದು ಹೊಲದಲ್ಲಿ ಏನೂ ಇಲ್ಲ ಎಂದು ಹೇಳಿಹೋದ ಮೇಲೆ, ಭಾನುವಾರ ಗಂಡಸರೆಲ್ಲ ಚರ್ಚಿನ ಮುಂದೆ ಸೇರಿ ತೀರ್ಮಾನ ಮಾಡಿದರಂತೆ. ಒಬ್ಬರು ಹೇಳಿರುತ್ತಾರೆ ಎಂದುಕೊಂಡು ಇನ್ನೊಬ್ಬರು ಸುಮ್ಮನಾದರು. ನನಗೆ ಯಾರೂ ಹೇಳಲಿಲ್ಲ.

ಸೋಮವಾರ ಮಸುಕಿನಲ್ಲಿ ಒಲೆಗೆ ಸೌದೆ ತರಲು ಹೊರಗೆ ಬಂದೆ. ದಿಬ್ಬದ ದಾರಿಯಲ್ಲಿ ಏಳೆಂಟು ಬಿಳಿ ಶಾಲುಗಳು. ಮುಂದೆ ಅಸ್ಗೆದೊಮ್ ಅಜ್ಜ, ಪಕ್ಕದಲ್ಲಿ ಪಾದ್ರಿ. ಸೌದೆ ಕೈಯಿಂದ ಜಾರಿತು.

ಎಷ್ಟು ಜೋರಾಗಿ ಚೀರಿದೆನೋ ನನಗೇ ತಿಳಿಯದು. ತಲೆಯ ಬಟ್ಟೆ ಕಿತ್ತೆಸೆದು, ಎದೆ ಎದೆ ಬಡಿದುಕೊಂಡು, ಮಗನ ಹೆಸರು ಹಿಡಿದು ಕೂಗಿದೆ. ಪಕ್ಕದ ಮನೆಯ ಝಾಫು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಬಂದರು. ಎಲ್ಲರೂ ನನ್ನ ಗೊಯ್ತೊಮ್‌ನನ್ನು ಹಾಡಿ ಹಾಡಿ ಅತ್ತರು. ಅಜ್ಜ ಕೈಯೆತ್ತಿ ಏನೋ ಹೇಳುತ್ತಲೇ ಇದ್ದ, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅಷ್ಟು ಹೊತ್ತು ನನಗೆ ಹಗುರವಾಗಿತ್ತು. ಅವನು ಹೋದ ಮೇಲಿನ ಎರಡೂವರೆ ವರ್ಷದಲ್ಲಿ ಮೊದಲ ಸಲ ನಾನು ಒಬ್ಬಳೇ ಇರಲಿಲ್ಲ.

ಕೊನೆಗೆ ಅಜ್ಜ ನನ್ನ ಭುಜ ಹಿಡಿದು ಅಲ್ಲಾಡಿಸಿದ.

"ಲೆತಾಯ್, ನಿಲ್ಸು ತಾಯಿ. ನಾವ್ ಬಂದಿರೋದು ಲಾರಿ ಎಳೆಯೋಕೆ. ಎತ್ತುಗಳು ಕೆಳಗಿನ ದಾರೀಲಿ ಹೊಲಕ್ಕೆ ಹೋಗಿವೆ."

ಹೆಂಗಸರ ಅಳು ಒಂದೊಂದಾಗಿ ನಿಂತಿತು. ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಲಾರಿ ಎಳೆಯೋಕೆ ಪಾದ್ರಿ ಯಾಕೆ, ಅವರೇನು ಹಗ್ಗ ಹಿಡೀತಾರಾ ಎಂದು ಕೇಳಿದೆ.

"ಅದ್ರೊಳಗೂ ಯಾರ್ದೋ ಮಕ್ಕಳು ಬೆಂದಿದಾರಲ್ಲವ್ವ," ಎಂದರು ಪಾದ್ರಿ. "ತೀರ್ಥ ಹಾಕದೆ ಹೇಗೆ ಮುಟ್ಟೋದು?"

ತಲೆಗೆ ಬಟ್ಟೆ ಸುತ್ತಿಕೊಂಡೆ. ಆಮೇಲೆ ಅಜ್ಜನ ಮುಖ ನೋಡಿ ಕೇಳಿದೆ, "ಹಾಗಾದ್ರೆ ನನ್ನ ಮಗ ಬದುಕಿದಾನೆ ಅನ್ನಿ."

ಅಜ್ಜ ನೆಲ ನೋಡಿದ. "ನಂಗೇನೂ ಗೊತ್ತಿಲ್ಲ ತಾಯಿ. ಸತ್ತವರ ಪಟ್ಟಿ ಇನ್ನೂ ಬಂದಿಲ್ಲ."

ಉಳಿದವರ ಮುಖವನ್ನೂ ನೋಡಿದೆ. ಬದುಕಿದ್ದಾನೆ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.

ಹೊಲದಲ್ಲಿ ಕೆಲಸ ನಡೆಯಿತು. ಸುತ್ತಿಗೆ, ಹಾರೆಗಳಿಂದ ಲಾರಿಯ ಮೈಯನ್ನು ಬಿಡಿಸಿ, ಉಳಿದ ಅಸ್ಥಿಪಂಜರಕ್ಕೆ ಆರು ಜೊತೆ ಎತ್ತು ಕಟ್ಟಿ ಎಳೆದರು. ಎರಡು ಸಲ ಹಗ್ಗ ಹರಿಯಿತು. ನಾನು ಇದ್ದ ಹಿಟ್ಟಿನಲ್ಲಿ ಇಂಜೆರಾ ರೊಟ್ಟಿ ಹುಯ್ದು ಎಲ್ಲರಿಗೂ ಬಡಿಸಿದೆ. ತಿನ್ನುವಾಗ ಯಾರೂ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಾರಿ ಹಳ್ಳ ಸೇರಿತ್ತು. ಅದು ಬಿದ್ದಿದ್ದ ಜಾಗದಲ್ಲಿ ಮಣ್ಣು ಕಪ್ಪಾಗಿತ್ತು. ನಾಳೆಯೇ ಉಳುತ್ತೇವೆ, ತೆಫ್ ಧಾನ್ಯ ಬಿತ್ತಿದರೆ ಚೆನ್ನಾಗಿ ಬರುತ್ತದೆ ಎಂದು ಹೇಳಿ ಗಂಡಸರು ಎತ್ತು ಹೊಡೆದುಕೊಂಡು ಹೋದರು. ನಾನು ಬೇಡಿಕೊಂಡದ್ದೆಲ್ಲ ಆಗಿತ್ತು.

ಪಾತ್ರೆ ತೊಳೆಯಲು ನಿಂತವಳು ಝಾಫು ಒಬ್ಬಳೇ. ಸಾವಾದ ಮನೆಯಾಗಿದ್ದರೆ ಹನ್ನೆರಡು ದಿನ ಕೇರಿಯ ಹೆಂಗಸರು ಇಲ್ಲೇ ಚಾಪೆ ಹಾಸುತ್ತಿದ್ದರು. ಝಾಫು ಕೈ ಒರೆಸಿಕೊಂಡು ಹೊರಟಾಗ ನಾನು ಅವಳ ಸೆರಗು ಹಿಡಿದೆ.

"ಇವತ್ತೊಂದಿನ ನನ್ ಜೊತೆ ಇರೇ."

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ ಗಲ್ಲ ಸವರಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಯಾಕಕ್ಕ? ಏನೂ ಆಗಿಲ್ವಲ್ಲ."