ಎಣ್ಣೆ ಕೈ

“ದೂರ ನಿಂತ್ಕ! ಮುಟ್ಬ್ಯಾಡ!”

ಯರ್ರಮ್ಮ ಕೂಗಿದ್ದು ಅಷ್ಟೇ. ಕೂಗಿದವಳು ತಿರುಗಿಯೂ ನೋಡದೆ ಮತ್ತೆ ಕುಂಚ ಎಳೆಯತೊಡಗಿದಳು. ಬೀದಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಕಂಬಳಿ ನೇಯುವ ಉಣ್ಣೆ ಎಳೆಗಳ ಹಾಸು ಎಳೆದು ಕಟ್ಟಿತ್ತು. ಆ ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿಯುವ ಕೆಲಸ ಬಿಸಿಲು ಏರುವುದರೊಳಗೆ ಮುಗಿಯಬೇಕು, ನಡುವೆ ಕೈ ನಿಂತರೆ ಕೆಟ್ಟಿತು. ಮಂಜು ಇನ್ನೂ ಹರಿದಿರಲಿಲ್ಲ. ಕುರಿಮಂದೆ ಗುಡ್ಡದ ಕಡೆ ಹೋಗಿ ಎಷ್ಟೋ ಹೊತ್ತಾಗಿದ್ದರೂ ಅದರ ಗಂಟೆಯ ಸದ್ದು ಮಾತ್ರ ಬೀದಿಯಲ್ಲೇ ಉಳಿದಂತಿತ್ತು.

ಕೂಗು ಬಿದ್ದದ್ದು ಉಚ್ಚಂಗೆಮ್ಮನ ಮೇಲೆ. ಊರಾಚೆಯ ಕಾಲೊನಿಯ ಹೆಂಗಸು. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿ, ಮೊದಲನೇ ಬಸ್ಸಿಗೆ ಬಂದಿಳಿದು, ನಿದ್ದೆಗಣ್ಣಿನಲ್ಲಿ ತೂಗಾಡುತ್ತ ಈ ಬೀದಿಗೇ ಬರುವವಳು. ಬೇವಿನ ಬೇರಿನ ಮೇಲೆ ಕೂತು, ಯರ್ರಮ್ಮ ಕೊಟ್ಟ ಎಲೆ‌ಅಡಿಕೆ ಹಾಕಿಕೊಂಡು, ಮಿಲ್ಲಿನ ಮೇಸ್ತ್ರಿಗೆ ನಾಲ್ಕು ಮಾತು ಬೈದು, ಇಬ್ಬರೂ ಹೊಟ್ಟೆ ಹಿಡಿದು ನಕ್ಕ ಮೇಲೇ ಅವಳಿಗೆ ಮನೆಯ ದಾರಿ ಕಾಣುವುದು. ಅವತ್ತೂ ಹಾಗೇ ಬಂದು, ಮಂಜಿನಲ್ಲಿ ಮಿನುಗುವ ಕರಿ ಉಣ್ಣೆಯನ್ನು ಕಂಡು ಆಸೆಯಾಗಿ ಕೈ ಚಾಚಿದ್ದಳು.

ಬಸ್ಸಿಳಿದು ಬಂದವರೆಲ್ಲ ನಿಂತು ನೋಡಿದರು. ಉಚ್ಚಂಗೆಮ್ಮನ ನಿದ್ದೆ ಹಾರಿಹೋಯಿತು.

“ಮುಟ್ಟಿದ್ರೆ ಏನಾಗ್ತೈತೆ?” ಎಂದಳು. ದನಿ ಸಣ್ಣಗಿತ್ತು. ಯರ್ರಮ್ಮ ತಲೆಯೆತ್ತುವಷ್ಟರಲ್ಲಿ ಇಡೀ ಅಂಗೈಯನ್ನು ಹಾಸಿನ ಮೇಲೆ ಒತ್ತಿ, “ತಗಾ, ಮುಟ್ಟೀನಿ” ಎಂದು ಹೊರಟೇಹೋದಳು.

ಎಣ್ಣೆ ತಾಗಿದ ಉಣ್ಣೆ ಗಂಜಿ ಹಿಡಿಯುವುದಿಲ್ಲ. ಅದಕ್ಕೇ ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಸ್ವಂತ ಮಗಳು ದಿವ್ಯಾಳನ್ನೂ ಯರ್ರಮ್ಮ ಇದೇ ಮಾತಿನಲ್ಲಿ ಅಟ್ಟುತ್ತಿದ್ದಳು. ಗಂಡ ಬೊಮ್ಮಲಿಂಗಪ್ಪ ಮಿರ್ಚಿ ತಿಂದು ಬಂದರೆ ಅವನನ್ನೂ. ಆ ಬೀದಿಯಲ್ಲಿ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ, ಹಾಗಾಗಿ ಅವಳಿಗೆ ಹೇಳುವ ಅಭ್ಯಾಸವೂ ಇರಲಿಲ್ಲ. ಅಯ್ಯೋ, ‘ಎಣ್ಣೆ ಕಣೆ’ ಎಂದು ಒಂದು ಮಾತು ಸೇರಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು!

ಮಧ್ಯಾಹ್ನಕ್ಕೆ ಉಚ್ಚಂಗೆಮ್ಮನ ತಮ್ಮ ಮಾರುತೇಶ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. “ಯಾವ ಕಾಲದಾಗೆ ಇದೀರಿ ನೀವು? ಸ್ಟೇಷನ್ನಿಗೆ ಹೋಗ್ತೀವಿ, ಕೇಸು ಹಾಕ್ತೀವಿ!” ಎಂದು ಕೂಗಾಡಿದ. ಕೂಗುವವನ ಕಣ್ಣಲ್ಲಿ ನೀರಿತ್ತು. ಊರಿನ ಹಿರಿಯ ಮೂಡಲಗಿರಿಯಪ್ಪನವರು ಎಲ್ಲರನ್ನೂ ಕಟ್ಟೆಗೆ ಕರೆಸಿದರು.

“ಎಣ್ಣೆ ಕೈ ಅಂತ ಅಂಗಂದೆ ಕಣ್ರೀ, ಬ್ಯಾರೆ ಏನೂ ಅಲ್ಲ. ನನ್ ಮಗಳಿಗೂ ಅಂಗೇ ಅಂತೀನಿ,” ಎಂದು ಯರ್ರಮ್ಮ ಬಾಯಿ ಬಡಿದುಕೊಂಡಳು.

“ಈಗ ಎಣ್ಣೆ ನೆಪ ಸಿಕ್ತು,” ಎಂದ ಮಾರುತೇಶ.

ಉಚ್ಚಂಗೆಮ್ಮ ನೆಲ ನೋಡುತ್ತಿದ್ದಳು. “ಕೇಸು ಗೀಸು ಬ್ಯಾಡ್ರಿ. ಆ ಮಾತು ನಮ್ಮವ್ವನೂ ಕೇಳಿದ್ಲು, ನಾನೂ ಕೇಳೀನಿ. ಯರ್ರಕ್ಕನ ಬಾಯಾಗೆ ಕೇಳಿದ್ದೊಂದೇ ಹೊಸದು,” ಎಂದು ಎದ್ದುಹೋದಳು.

ಮರುದಿನದಿಂದ ಅವಳು ಕೆರೆ ಏರಿಯ ಮೇಲೆ ಸುತ್ತಿ ಹೋಗತೊಡಗಿದಳು. ಬೆಳಗಿನ ಮಂಜಿನಲ್ಲಿ ಅವಳ ನೀಲಿ ಸೀರೆ ನೆಲಕ್ಕೆ ತಾಗದಂತೆ ತೇಲಿಹೋಗುವುದನ್ನು ಯರ್ರಮ್ಮ ಬೇವಿನ ಮರದ ಕೆಳಗೆ ನಿಂತು ನೋಡುವಳು. ಕೂಗಿದರೆ ಕೇಳುವಷ್ಟೇ ದೂರ. ಆದರೆ ಕೂಗಿಯೇ ಅಲ್ಲವೇ ಇಷ್ಟೆಲ್ಲ ಆದದ್ದು? ದಿವ್ಯಾಗೆ ಜ್ವರ ನೆತ್ತಿಗೇರಿದಾಗ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಚಳ್ಳಕೆರೆ ಆಸ್ಪತ್ರೆಯವರೆಗೆ ಬಸ್ಸಿನಲ್ಲಿ ಕೂತವಳು ಉಚ್ಚಂಗೆಮ್ಮ. ಕೇಸು ಹಾಕಿದ್ದರೂ ಯರ್ರಮ್ಮನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನೂಲುತ್ತ ಕೂತಲ್ಲೇ ಜೋಂಪು ಹತ್ತಿದರೆ ಕನಸು: ಬೀದಿ ತುಂಬ ಕರಿ ಉಣ್ಣೆ ಮೋಡದಂತೆ ಹರಡಿದೆ, ಯಾರೋ ಕೈ ಚಾಚಿದ್ದಾರೆ, ತಾನು ಕೂಗುತ್ತಾಳೆ, ಚಾಚಿದ ಕೈ ನೋಡಿದರೆ ತನ್ನದೇ.

ಹಾಸು ಮಗ್ಗ ಏರಿತು. ಕಂಬಳಿ ಅರ್ಧ ಆಗಿರಬೇಕು, ಬೊಮ್ಮಲಿಂಗಪ್ಪ ಗೊಣಗತೊಡಗಿದ.

“ಇದೇನೇ ಇದು, ಇಲ್ಲಿ ಎಳೆ ಪಟಪಟ ಅಂತ ಹರೀತಾವೆ. ಗಂಜೀನೇ ಕುಡ್ದಿಲ್ಲ.”

ಯರ್ರಮ್ಮ ಬಗ್ಗಿ ನೋಡಿದಳು. ಅಕ್ಕಪಕ್ಕದ ಎಳೆಗಳೆಲ್ಲ ಬಿಗಿಯಾಗಿದ್ದವು. ನಡುವೆ ಒಂದು ಅಂಗೈಯಗಲ ಮಾತ್ರ ಮೆತ್ತಗಾಗಿ, ಜುಂಗೆದ್ದು, ತುಂಡುತುಂಡಾಗಿತ್ತು. ತನ್ನ ಅಂಗೈಯಿಟ್ಟು ನೋಡಿದಳು. ಸರಿಯಾಗಿ ಕೂತಿತು. ಮೊದಲನೇ ಬಸ್ಸು ಬಂದುಹೋದ ಹೊತ್ತು. ಎದ್ದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿಯ ಕಡೆ ಓಡಿದಳು.

“ಉಚ್ಚಂಗೀ, ನಿಂತ್ಕಳೇ! ನಾನು ಸುಳ್ಳು ಹೇಳಿಲ್ಲ. ಬಾ, ತೋರಿಸ್ತೀನಿ. ನಿನ್ ಕೈ ಬಿದ್ದ ಕಡೆ ಗಂಜಿ ಹಿಡಿದಿಲ್ಲ, ಬಂದು ನಿನ್ ಕಣ್ಣಾಗೇ ನೋಡು!”

ಏನನ್ನಿಸಿತೋ, ಉಚ್ಚಂಗೆಮ್ಮ ಹಿಂದೆ ಬಂದಳು. ಬೇವಿನ ಮರ ದಾಟಿದರು, ಜಗಲಿ ದಾಟಿದರು. ಹೊಸ್ತಿಲ ಮುಂದೆ ಉಚ್ಚಂಗೆಮ್ಮ ನಿಂತಳು.

“ಎಲ್ಲೈತೆ?”

“ಮಗ್ಗದಾಗೆ.”

“ಮಗ್ಗ ಎಲ್ಲೈತೆ?”

“ಒಳಗೆ...” ಎಂದ ಯರ್ರಮ್ಮನ ಮಾತು ಅಲ್ಲೇ ನಿಂತಿತು. ಇಷ್ಟು ವರ್ಷ ಈ ಮನೆಯ ಮುಂದೆ ಕೂತು ನಕ್ಕವಳಿಗೆ ಮಗ್ಗ ಎಲ್ಲಿದೆಯೆಂದೇ ಗೊತ್ತಿಲ್ಲ. ತಾನು ಒಂದು ದಿನವೂ ಬಾ ಎಂದಿಲ್ಲ. ಅವಳೂ ಬರುತ್ತೇನೆ ಎಂದಿಲ್ಲ. ಅವತ್ತು ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ ನಿಜ, ಆದರೆ ಆಡದೇ ಬಿಟ್ಟದ್ದು ಎಷ್ಟೊಂದಿತ್ತು!

ಒಳಗಿನಿಂದ ಅತ್ತೆ ಸೂರಮ್ಮನ ಕೆಮ್ಮು ಕೇಳಿಸಿತು. “ಯಾರೇ ಅದು ಬಾಗಿಲಾಗೆ?”

ಯರ್ರಮ್ಮ ಒಳಗೊಮ್ಮೆ, ಹೊರಗೊಮ್ಮೆ ನೋಡಿದಳು. ಉಚ್ಚಂಗೆಮ್ಮ ಗೆಳತಿಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ತೀರಾ ಮೆತ್ತಗೆ, “ಇರ್ಲಿ ಬಿಡಕ್ಕ. ಕೈಕಾಲೆಲ್ಲ ಎಣ್ಣೆ ಆಗೈತೆ. ಇಲ್ಲೇ ನಿಂತ್ಕಂತೀನಿ,” ಎಂದಳು.

ಯರ್ರಮ್ಮ ಹೊಸ್ತಿಲು ದಾಟಿ ತಿರುಗಿ ನಿಂತಳು.

“ಎಣ್ಣೆ ಇದ್ರೆ ಇರ್ಲಿ, ಬಾರೇ,” ಎಂದು ಜಾರುವ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಎಳೆದಳು. “ಅತ್ತೇ, ಉಚ್ಚಂಗಿ ಬಂದವ್ಳೆ. ಒಳಗೆ ಕರ್ಕಂಡು ಬರ್ತಾ ಇದೀನಿ.”

ಸೂರಮ್ಮ ಗೋಡೆ ಹಿಡಿದು ಎದ್ದು ಕೂತಳು. ಮಗ್ಗದ ಗುಂಡಿಯಲ್ಲಿ ಬೊಮ್ಮಲಿಂಗಪ್ಪ ತಲೆಯೆತ್ತಿ ನೋಡಿದ. ಲಾಳಿಯ ಸದ್ದು ನಿಂತಿತು. ಸೆಗಣಿ ಸಾರಿಸಿದ ನೆಲದ ಮೇಲೆ, ಹೊಸ್ತಿಲಿನಿಂದ ಮಗ್ಗದವರೆಗೆ, ಎಣ್ಣೆಯ ಹೆಜ್ಜೆಗಳು ಬೆಳಗಿನ ಬಿಸಿಲಿಗೆ ಮಿನುಗುತ್ತಿದ್ದವು.