ನೂರೈವತ್ತು ಸಹಿ

2024ರ ಮಾರ್ಚ್ ನಾಲ್ಕು, ಸೋಮವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಟ್ಕಾಚೂವ್ ನಗರಸಭೆಯ ಹನ್ನೊಂದನೇ ಕೋಣೆಯಲ್ಲಿ ಚುನಾವಣಾ ಸಮಿತಿಯ ಮಾರ್ಜೆನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಸಾಮಾಜಿಕ ಪ್ರಜಾಪ್ರಭುತ್ವ ಐಕ್ಯ ಪಕ್ಷ ಸಲ್ಲಿಸಿದ್ದ 209 ಸಹಿಗಳಲ್ಲಿ 62 ಅಸಿಂಧುವಾಗಿದ್ದವು. ಉಳಿದದ್ದು 147. ಎರಡನೇ ವಾರ್ಡಿನಲ್ಲಿ ಅಭ್ಯರ್ಥಿಗಳ ಪಟ್ಟಿ ನೋಂದಣಿಯಾಗಲು ಬೇಕಿದ್ದದ್ದು ಅಲ್ಲಿನ ಮತದಾರರ 150 ಸಹಿ. ಗಡುವು ನಾಲ್ಕು ಗಂಟೆ.

"ಏಳು ಜನ ವಾರ್ಡಿನವರೇ ಅಲ್ಲ, ಒತಿಲಿಯಾ ಮೇಡಂ. ನಾಲ್ಕು ಕಡೆ ಗುರುತಿನ ಸಂಖ್ಯೆ ತಪ್ಪಿದೆ. ಮಿಕ್ಕ ಐವತ್ತೊಂದು..." ಮಾರ್ಜೆನಾ ತಡವರಿಸಿದಳು.

"ಮಿಕ್ಕ ಐವತ್ತೊಂದಕ್ಕೆ ಏನಾಗಿದೆ?"

"ಹಾಕಿದವರೇ ಮತ್ತೆ ಹಾಕಿದಾರೆ. ಇಪ್ಪತ್ನಾಲ್ಕು ಜನ ಮೂರು ಮೂರು ಸಲ. ಒಬ್ಬರು ನಾಲ್ಕು ಸಲ."

ಒತಿಲಿಯಾ ಗ್ರೊಬೆಲ್ನಾ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿದ್ದ ಲುತ್ಸಿಯಾನ್ ಕೈಯಲ್ಲಿದ್ದ ಟೊಪ್ಪಿಗೆಯನ್ನು ಪರೀಕ್ಷಿಸತೊಡಗಿದ್ದ. ಎಪ್ಪತ್ತೆಂಟು ವರ್ಷದ ಈ ನಿವೃತ್ತ ಇತಿಹಾಸ ಮೇಷ್ಟ್ರು ಪಕ್ಷದ ಊರ ಘಟಕದ ಕಾರ್ಯದರ್ಶಿ. ಸಹಿ ಹಾಳೆಗಳನ್ನು ಹಿಡಿದು ತಿರುಗಿದವನು ಅವನೇ.

"ಆ ನಾಲ್ಕು ಸಲದ ಮಹಾಶಯ ಯಾರಯ್ಯಾ?"

"ಹಾಳೆ ಮುಂದೆ ಬಂತು, ಹಾಕ್ದೆ. ಪಕ್ಷದ ಹಾಳೆ ಬಂದ್ರೆ ಸಹಿ ಹಾಕ್ದೆ ಮುಂದಕ್ಕೆ ಕಳಿಸಿದ್ದುಂಟಾ ನಾನು? ನೀನೂ ಮೂರು ಹಾಕಿದೀಯ, ನೋಡ್ಕೋ."

ಹಾಕಿದ್ದು ನಿಜ. ಪಕ್ಷದಲ್ಲಿ ಅದೊಂದು ಪದ್ಧತಿ. ಯಾವುದೇ ಸಭೆಯಲ್ಲಿ, ಯಾವುದೇ ಬೇಡಿಕೆಗೆ ಹಾಳೆ ಸುತ್ತಿದರೂ ಸದಸ್ಯರು ಮೊದಲು ಸಹಿ ಹಾಕಬೇಕು, ಆಮೇಲೆ ಜನರನ್ನು ಕೇಳಬೇಕು. ಸದಸ್ಯರು ಆರುನೂರಿದ್ದಾಗ ಈ ಪದ್ಧತಿಯಿಂದ ತೊಂದರೆಯಾಗಿರಲಿಲ್ಲ. ಒಂದು ಹಾಳೆ ಕಂಡವನಿಗೆ ಇನ್ನೊಂದು ಕಾಣುತ್ತಿರಲಿಲ್ಲ. ಈಗ ಊರಲ್ಲಿ ಸದಸ್ಯರು ಇಪ್ಪತ್ತೈದು. ಮೂರು ಹಾಳೆಗಳೂ ಅದೇ ಇಪ್ಪತ್ತೈದು ಮನೆ ಸುತ್ತಿ ಬಂದಿದ್ದವು. ಪ್ರತಿ ಸಲವೂ ಅವರೆಲ್ಲ ಪೆನ್ನು ತೆಗೆದು ಶ್ರದ್ಧೆಯಿಂದ ಸಹಿ ಹಾಕಿದ್ದರು, ಲುತ್ಸಿಯಾನ್ ಒಂದು ಹಾಳೆಯಲ್ಲಿ ಎರಡು ಸಲ.

"ನಾಲ್ಕರೊಳಗೆ ಮೂರು ತಂದ್ರೆ ಸೇರಿಸ್ಕೋತೀನಿ. ನಾಲ್ಕು ಹೊಡೆದ ಮೇಲೆ ನನ್ನ ಕೈಯಲ್ಲಿಲ್ಲ," ಎಂದಳು ಮಾರ್ಜೆನಾ.

1994ರಿಂದ ನಡೆದ ಒಂದೊಂದು ನಗರಸಭೆ ಚುನಾವಣೆಯಲ್ಲೂ ಎರಡನೇ ವಾರ್ಡಿನ ಮತಪತ್ರದಲ್ಲಿ ಪಕ್ಷದ ಹೆಸರಿತ್ತು. ಉಳಿದ ಮೂರು ವಾರ್ಡುಗಳಲ್ಲಿ ಕಳೆದ ಸಲವೇ ಹೆಸರು ಹೋಗಿತ್ತು. ಒತಿಲಿಯಾ ನೂಲಿನ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು, ಇಪ್ಪತ್ತೆರಡು ವರ್ಷದಿಂದ ಇದೇ ವಾರ್ಡಿನ ನಗರಸಭಾ ಸದಸ್ಯೆ. 2002ರಲ್ಲಿ ಅವಳ ಪಕ್ಷ ಇಪ್ಪತ್ತೊಂದರಲ್ಲಿ ಹನ್ನೊಂದು ಸ್ಥಾನ ಗೆದ್ದಿತ್ತು. ಆ ರಾತ್ರಿ ಗಿರಣಿಯ ವಾದ್ಯದವರು ಚೌಕದಲ್ಲಿ ಬಾರಿಸಿದ್ದರು, ರಾಜಧಾನಿ ವಾರ್ಸಾದಿಂದ ಮಂತ್ರಿಯೊಬ್ಬರು ಫೋನ್ ಮಾಡಿದ್ದರು. ಅದರ ಮುಂದಿನ ಸಲ ಐದು ಸ್ಥಾನ, ಆಮೇಲೆ ಎರಡು, ಆಮೇಲೆ ಒಂದು. ಆ ಒಂದು ಅವಳದು. ಇವತ್ತು ಪಟ್ಟಿ ಬಿದ್ದರೆ ಅದೂ ಇಲ್ಲ.

ಹೊರಗೆ ಬಂದಾಗ ಎರಡೂ ಕಾಲು. ಸದಸ್ಯರ ಮಕ್ಕಳಿಗೆ ಫೋನ್ ಮಾಡೋಣವೆಂದರೆ ಅರ್ಧ ಜನ ಐರ್ಲೆಂಡಿನಲ್ಲಿದ್ದರು, ಅರ್ಧ ಜನ ವಾರ್ಸಾದಲ್ಲಿ. ಇಬ್ಬರೂ ನೇರ ಹಾಲಿನ ಬಾರಿಗೆ ಹೋದರು. ಹೆಸರು ಹಾಲಿನದಾದರೂ ಅದು ಕಡಿಮೆ ದುಡ್ಡಿಗೆ ಊಟ ಹಾಕುವ ಹಳೆಯ ಹೋಟೆಲು. ಬಾಡಿಗೆ ಏರಿ ಮುಚ್ಚುವ ಹೊತ್ತಿನಲ್ಲಿ ನಗರಸಭೆಯಲ್ಲಿ ಜಗಳವಾಡಿ ಉಳಿಸಿದ್ದು ಒತಿಲಿಯಾಳ ಪಕ್ಷವೇ. ಹದಿನೈದು ಮಂದಿ ಬೀಟ್‌ರೂಟ್ ಸಾರು, ಪಿಯೆರೊಗಿ ಕಡುಬು ಉಣ್ಣುತ್ತಿದ್ದರು.

"ಸಹಿ ಹಾಕೋಣ, ಆದ್ರೆ ಗುರುತಿನ ಸಂಖ್ಯೆ ಯಾಕೆ?" ಎಂದು ಮಗುವಿನ ಗಾಡಿ ಹಿಡಿದಿದ್ದ ಹೆಂಗಸು ಕೇಳಿದಳು. "ನಮ್ಮಕ್ಕ ಯಾರಿಗೋ ಸಂಖ್ಯೆ ಕೊಟ್ಟು, ಅವಳ ಹೆಸರಲ್ಲಿ ಸಾಲ ತೆಗೆದಿದಾರೆ."

"ಕಾನೂನೇ ಕೇಳತ್ತಮ್ಮ, ನಾನಲ್ಲ."

"ಕಾನೂನಿಗೆ ನಮ್ಮಕ್ಕ ಏನು ಗೊತ್ತು?"

ಸಾರು ಕುಡಿಯುತ್ತಿದ್ದ ಮುದುಕನೊಬ್ಬ ತಲೆ ಎತ್ತಿದ. "ನಿಮ್ಮ ಪಕ್ಷ ಇನ್ನೂ ಇದೆಯಾ? ನಾನು ಹೋಯ್ತು ಅಂದ್ಕೊಂಡಿದ್ದೆ."

"ಇನ್ನೂ ಇದೀವಿ, ಯಜಮಾನ್ರೇ. ನಿಮ್ಮ ಹಾಗೇನೇ," ಎಂದ ಲುತ್ಸಿಯಾನ್. ಮುದುಕ ಗಟ್ಟಿಯಾಗಿ ನಕ್ಕ. ಆದರೆ ಅವನ ಮನೆ ಮೂರನೇ ವಾರ್ಡು.

ಕೊನೆಗೆ ಅಡುಗೆಯ ಹೆಂಗಸು ಕೈ ಒರೆಸಿಕೊಂಡು ಒಳಗಿನಿಂದ ಬಂದು, ಮಾತಿಲ್ಲದೆ ಹೆಸರು, ವಿಳಾಸ, ಸಂಖ್ಯೆ ಬರೆದಳು. 148. ಗಂಟೆ ಮೂರಾಗಿತ್ತು.

"ಇನ್ನೆರಡು. ಒಂದೇ ಮನೇಲಿ ಎರಡು ಸಹಿ ಸಿಗೋ ಜಾಗ ನಂಗೊತ್ತು, ನಿಂಗೂ ಗೊತ್ತು," ಎಂದ ಲುತ್ಸಿಯಾನ್.

"ಅಲ್ಲಿಗೆ ನಾನು ಬರಲ್ಲ."

"ಒಬ್ಬರು ಎಷ್ಟು ಪಟ್ಟಿಗೆ ಬೇಕಾದ್ರೂ ಸಹಿ ಹಾಕಬಹುದು. ರೆಮಿಗಿಯುಷ್ ಮೇಯರ್ ಕಡೆ ನಿಂತ್ರೆ ನಮಗೇನು? ಅವನ ಕೈ ಬೀಳಲ್ಲ. ಬಾ ಬಾ, ಮೂರು ಗಂಟೆ ಆಯ್ತು ಕಣೇ, ಬಿಗುಮಾನ ಆಮೇಲೆ ತೋರಿಸ್ಕೋ."

ರೆಮಿಗಿಯುಷ್ ಒಂದು ಕಾಲಕ್ಕೆ ಪಕ್ಷದ ದೊಡ್ಡ ಭಾಷಣಕಾರ. 2004ರ ವಸಂತದಲ್ಲಿ ವಾರ್ಸಾದಲ್ಲಿ ನಾಯಕರು ಕಿತ್ತಾಡಿ ಪಕ್ಷ ಒಡೆದಾಗ, ಊರಿನ ಅರ್ಧ ಘಟಕವನ್ನು ಕರೆದುಕೊಂಡು ಹೊಸ ಬಣಕ್ಕೆ ಹೋದವನು. ಆ ಬಣ ಐದು ವರ್ಷದಲ್ಲಿ ಹೇಳಹೆಸರಿಲ್ಲದೆ ಹೋಯಿತು. ಅವನ ಹೆಂಡತಿ ಕಾಜಿಮಿಯೆರಾ ಮತ್ತು ಒತಿಲಿಯಾ ಗಿರಣಿಯಲ್ಲಿ ಅಕ್ಕಪಕ್ಕದ ಯಂತ್ರಗಳಲ್ಲಿ ನಿಂತವರು. ಗಿರಣಿ ಮುಚ್ಚಿದಂದಿನಿಂದ ಕಾಜಿಮಿಯೆರಾ ಬೀದಿಯಲ್ಲಿ ಎದುರಾದರೆ ರಸ್ತೆ ದಾಟುತ್ತಿದ್ದಳು.

ಬಾಗಿಲು ತೆಗೆದವನು ರೆಮಿಗಿಯುಷ್. ಅಡುಗೆಮನೆಯ ಮೇಜಿನ ಮೇಲೆ ಅವನದೇ ಮುಖದ ಕರಪತ್ರಗಳ ರಾಶಿಯಿತ್ತು. ಕಿಟಕಿಯ ಬಳಿ ಕಾಜಿಮಿಯೆರಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಏನು, ಪಕ್ಷಕ್ಕೆ ಪಕ್ಷವೇ ನಮ್ಮನೆಗೆ ಬಂದಿದೆ!" ಎಂದ ರೆಮಿಗಿಯುಷ್. "ಎಲ್ರೂ ಬಂದ್ರಾ, ಇನ್ನೂ ಇಬ್ಬರು ಮೆಟ್ಲ ಮೇಲಿದಾರಾ?"

"ಎರಡು ಸಹಿ ಬೇಕು, ರೆಮೆಕ್. ನಾಲ್ಕರೊಳಗೆ," ಎಂದಳು ಒತಿಲಿಯಾ.

ಲುತ್ಸಿಯಾನ್ ವಿಷಯ ಹೇಳಿದ. ನಾಲ್ಕು ಸಲದ ಮಾತು ಬಂದಾಗ ರೆಮಿಗಿಯುಷ್ ಮೇಜು ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಹಾಳೆ ಎಳೆದುಕೊಂಡು ಸಹಿ ಮಾಡಿದ. "ನೀವಿಲ್ದೆ ನಾನು ಯಾರನ್ನ ಸೋಲಿಸಲಿ? ತಗೊಳ್ಳಿ. ಕಾಜಿಯಾ, ನೀನೂ ಒಂದು ಹಾಕು."

149. ಮೂರು ಗಂಟೆ ಹದಿನೆಂಟು ನಿಮಿಷ.

ಕಾಜಿಮಿಯೆರಾ ಚಾಕು ಕೆಳಗಿಟ್ಟಳು. ಪೆನ್ನು ಮುಟ್ಟಲಿಲ್ಲ.

"ಹಾಕ್ತೀನಿ. ಮೊದಲು ಒಂದು ಮಾತು ಹೇಳು. ಗಿರಣಿ ಗೇಟಲ್ಲಿ ಆವತ್ತು ಕಾಗದ ಓದಿದೆಯಲ್ಲ, ಜರ್ಮನಿಯ ಕಂಪನಿ ಗಿರಣಿ ಕೊಳ್ಳೋಕೆ ಬರತ್ತೆ, ಯಾರೂ ಬೇರೆ ಕೆಲಸ ಹುಡುಕಬೇಡಿ ಅಂತ. ನಾನು ಪಕ್ಕದೂರಿನ ಹೊಲಿಗೆ ಕಾರ್ಖಾನೇಲಿ ಸಿಕ್ಕಿದ್ದ ಕೆಲಸ ಬೇಡ ಅಂದಿದ್ದು ಆ ಮಾತಿಗೆ. ಮೂರು ತಿಂಗಳಿಗೆ ಗಿರಣಿಗೆ ಬೀಗ ಬಿತ್ತು. ಓದೋವಾಗಲೇ ಯಾರೂ ಬರಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಬಿಡೇ, ಇಪ್ಪತ್ತೊಂದು ವರ್ಷದ ಕತೆ," ಎಂದ ರೆಮಿಗಿಯುಷ್.

"ನಿನ್ನ ಕೇಳಲಿಲ್ಲ."

"ಅವಳಿಗೆ ಹೆಂಗೆ ಗೊತ್ತಿರತ್ತೆ?" ಎಂದು ಲುತ್ಸಿಯಾನ್ ನಡುವೆ ಬಂದ. "ವಾರ್ಸಾದಿಂದ ಕಾಗದ ಬಂತು, ಓದಿದಳು. ನಮಗೆಲ್ಲ ಅಷ್ಟೇ ಗೊತ್ತಿದ್ದದ್ದು."

ಲುತ್ಸಿಯಾನ್ ಹೇಳಿದ್ದು ಅವನಿಗೆ ಗೊತ್ತಿದ್ದ ಮಟ್ಟಿಗೆ ಸತ್ಯ. ಒತಿಲಿಯಾಗೆ ಗೊತ್ತಿದ್ದದ್ದು ಬೇರೆ. ಕಾಗದ ಓದುವ ಎರಡು ವಾರ ಮೊದಲು, 2003ರ ಮೇ ತಿಂಗಳಲ್ಲಿ, ಜಿಲ್ಲಾ ಕಚೇರಿಯಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿ ಹೇಳಿದ್ದರು: ಕಂಪನಿ ಹಿಂದೆ ಸರಿದಿದೆ, ಜೂನ್ ಏಳು, ಎಂಟರಂದು ಯುರೋಪ್ ಒಕ್ಕೂಟ ಸೇರುವ ಜನಮತ ಇದೆ, ಅದು ಮುಗಿಯುವವರೆಗೆ ಗಿರಣಿಯವರಿಗೆ ಧೈರ್ಯ ಹೇಳಬೇಕು. ಅವಳು ಹೇಳಿದ್ದಳು. ದೇಶ ಒಕ್ಕೂಟ ಸೇರಿದರೆ ಊರಿಗೆ ನೂರು ಗಿರಣಿ ಬರುತ್ತವೆ ಎಂದು ಆಗ ಅವಳು ನಂಬಿದ್ದಳು. ಆ ನಂಬಿಕೆ ಪ್ರಾಮಾಣಿಕವಾಗಿತ್ತು. ಆದರೆ ಕಾಗದ ಸುಳ್ಳಾಗಿತ್ತು.

ಇಲ್ಲ ಎಂದರೆ ನೂರೈವತ್ತು. ಹೂಂ ಎಂದು ತಲೆಯಾಡಿಸಲು ಲುತ್ಸಿಯಾನ್ ಆಗಲೇ ತಯಾರಾಗಿದ್ದ. ಪೆನ್ನು ಕಾಜಿಮಿಯೆರಾಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಒತಿಲಿಯಾ ಆ ಕೈಯನ್ನು ನೋಡಿದಳು. ನೂಲು ಕಡಿದು ಕಡಿದು ತೋರುಬೆರಳಿನ ಪಕ್ಕ ಬಿದ್ದ ಗುರುತು ಅವಳ ಕೈಯಲ್ಲೂ ಇತ್ತು.

"ಗೊತ್ತಿತ್ತು," ಎಂದಳು.

ರೆಮಿಗಿಯುಷ್ ಕರಪತ್ರದ ರಾಶಿ ಸರಿ ಮಾಡಿದ. ಲುತ್ಸಿಯಾನ್ ಕುರ್ಚಿ ಎಳೆದುಕೊಂಡು ಕೂತ.

"ಎಷ್ಟು ದಿನದಿಂದ?" ಎಂದು ಕಾಜಿಮಿಯೆರಾ ಕೇಳಿದಳು.

"ಎರಡು ವಾರ. ಜನಮತ ಮುಗಿಯೋವರೆಗೂ ಬಾಯಿ ಬಿಡಬೇಡ ಅಂದ್ರು. ಬಿಡಲಿಲ್ಲ. ಆಮೇಲೆ ಬಿಡೋಕೆ ಧೈರ್ಯ ಬರಲಿಲ್ಲ."

"ನನಗೊಬ್ಬಳಿಗಾದ್ರೂ ಹೇಳಬಹುದಿತ್ತು ಕಣೇ. ಪಕ್ಕದ ಯಂತ್ರದಲ್ಲೇ ಇದ್ದೆ."

"ಹೇಳಬಹುದಿತ್ತು."

ಕಾಜಿಮಿಯೆರಾ ಚಾಕು ಎತ್ತಿಕೊಂಡಳು. "ನಾನು ಹಾಕಲ್ಲ, ಒತಿಲ್ಕಾ. ನೀನು ನಿಜ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಹಾಕಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಒತಿಲಿಯಾಳನ್ನು ಮನೆಯ ಹೆಸರಿನಿಂದ ಅವಳು ಕರೆದದ್ದು ಇಪ್ಪತ್ತೊಂದು ವರ್ಷದ ನಂತರ.

ಮೆಟ್ಟಿಲಿಳಿಯುವಾಗ ಲುತ್ಸಿಯಾನ್ ಗೋಡೆ ಹಿಡಿದುಕೊಂಡು ನಿಂತ.

"ನನಗೂ ಹೇಳಿರಲಿಲ್ಲ ನೀನು."

"ಇಲ್ಲ."

"ಗೇಟಲ್ಲಿ ನಿನ್ನ ಪಕ್ಕ ನಿಂತು ಚಪ್ಪಾಳೆ ಹೊಡೆಸಿದ್ದು ನಾನು."

"ನೆನಪಿದೆ."

"ಆಮೇಲೆ ಬೈತೀನಿ. ಈಗ ನಡಿ, ಇನ್ನೂ ಅರ್ಧ ಗಂಟೆ ಇದೆ," ಎಂದು ಅವನು ಹಾಳೆಯನ್ನು ಕೋಟಿನೊಳಗೆ ಇಟ್ಟುಕೊಂಡ.

ಅದೇ ಕಟ್ಟಡದಲ್ಲಿ ನಾಲ್ಕು ಬಾಗಿಲು ತಟ್ಟಿದರು. ಎರಡರಲ್ಲಿ ಯಾರೂ ಇರಲಿಲ್ಲ. ಮೂರನೆಯದರಲ್ಲಿ ಹುಡುಗಿಯೊಬ್ಬಳು ಸರಪಳಿ ತೆಗೆಯದೆಯೇ ಸಂಖ್ಯೆ ಕೊಡಲಾರೆ ಎಂದಳು. ನಾಲ್ಕನೆಯ ಮನೆಯಲ್ಲಿ ಯುದ್ಧ ತಪ್ಪಿಸಿಕೊಂಡು ಖಾರ್ಕಿವ್‌ನಿಂದ ಬಂದ ತಾಯಿ ಮಗಳು ಬಾಡಿಗೆಗಿದ್ದರು. ತಾಯಿ ಸಂತೋಷದಿಂದ ಪೆನ್ನು ಹಿಡಿದಳು. ಆಕೆಗೆ ಮತದ ಹಕ್ಕಿಲ್ಲ ಎಂದು ಒತಿಲಿಯಾ ತಿಳಿಸಿ ಹೇಳಬೇಕಾಯಿತು. ಬೀದಿಯಲ್ಲಿ ನಿಲ್ಲಿಸಿದ ಐದು ಜನರಲ್ಲಿ ಒಬ್ಬರೂ ಎರಡನೇ ವಾರ್ಡಿನವರಾಗಿರಲಿಲ್ಲ.

ಮೂರು ಗಂಟೆ ಐವತ್ತಾರು ನಿಮಿಷಕ್ಕೆ ಅವರು ಹನ್ನೊಂದನೇ ಕೋಣೆ ತಲುಪಿದರು. ಮಾರ್ಜೆನಾ ಎರಡು ಹೊಸ ಸಹಿಗಳನ್ನು ಪಟ್ಟಿಯೊಂದಿಗೆ ಹೋಲಿಸಿದಳು. ಎರಡೂ ಸಿಂಧು.

"ನೂರ ನಲವತ್ತೊಂಬತ್ತು," ಎಂದು ಬಾಗಿಲ ಕಡೆ ನೋಡಿದಳು. "ಇನ್ನೊಬ್ಬರು ಯಾರಾದ್ರೂ ಬರೋರಿದಾರಾ?"

"ಇಲ್ಲಮ್ಮ," ಎಂದಳು ಒತಿಲಿಯಾ.

ಮಾರ್ಜೆನಾ ನಾಲ್ಕು ಹೊಡೆಯುವವರೆಗೆ ಕಾದಳು. ಆಮೇಲೆ ನಿರಾಕರಣೆಯ ಆದೇಶ ಬರೆದು, ಎರಡು ಪ್ರತಿ ತೆಗೆದು, ಒಂದನ್ನು ಕೊಟ್ಟಳು. ಲುತ್ಸಿಯಾನ್ ಅದನ್ನು ಓದಿ, ದಿನಾಂಕ ಸರಿಯಿದೆ ಎಂದ.

ಏಪ್ರಿಲ್ ಏಳರಂದು ಎರಡನೇ ವಾರ್ಡಿನ ಮತಪತ್ರದಲ್ಲಿ ನಾಲ್ಕು ಪಟ್ಟಿಗಳಿದ್ದವು, ಪಕ್ಷದ್ದು ಇರಲಿಲ್ಲ. ರೆಮಿಗಿಯುಷ್ 312 ಮತ ಪಡೆದು ಆಯ್ಕೆಯಾದ.